ಒಂದೇ ಶ್ರುತಿಯಲ್ಲಿ ಒಂಬತ್ತು ಟ್ರ್ಯಾಕ್: ನನ್ನ ಡಾನ್ಸ್ ಆಲ್ಬಮ್ ಆದ ಬಗೆ

ನನ್ನ ಮೊದಲ ಆಲ್ಬಮ್ ಮುಗಿದಿದೆ. ಒಂಬತ್ತು ಟ್ರ್ಯಾಕ್, 47 ನಿಮಿಷ. ಟ್ರ್ಯಾಕ್‌ಗಳ ನಡುವೆ ಎಲ್ಲೂ ಖಾಲಿ ಜಾಗ ಇಲ್ಲ. ಹಾಡುವ ದನಿಯೂ ಇಲ್ಲ. ಬೀಟಿನ ದಪ್ಪ ಪೆಟ್ಟು ಕೊಡುವ ಕಿಕ್ ಡ್ರಮ್, ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ಸಿಂಥ್, ಚಿಂತಾಮಣಿ ಕಡೆಯ ತಮಟೆ, ಇಷ್ಟೇ.

ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ ಮಾಡುವವರಲ್ಲಿ ಪೂರ್ತಿ ಆಲ್ಬಮ್ ಮಾಡುವವರು ಈಗ ಕಡಿಮೆ. ತಿಂಗಳಿಗೊಂದು ಸಿಂಗಲ್ ಬಿಡು, ಪ್ಲೇಲಿಸ್ಟ್‌ಗೆ ಕಳಿಸು, ಮುಂದಿನದಕ್ಕೆ ಹೋಗು, ಹೀಗೆ ನಡೆಯುತ್ತಿದೆ. ನಾನೂ ವರ್ಷಗಟ್ಟಲೆ ಹಾಗೇ ಸಿಂಗಲ್ ಬಿಟ್ಟವನು. ಆಲ್ಬಮ್‌ಗೆ ಕೈ ಹಾಕಿದಾಗ ಇದರ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸಿಗಲಿಲ್ಲ. ಹಾಗಾಗಿ ನಾನು ಹೇಗೆ ಮಾಡಿದೆ, ಎಲ್ಲಿ ಏನು ನಿರ್ಧಾರ ತೆಗೆದುಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ. ಮನೆಯ ಒಂದು ರೂಮಿನಲ್ಲಿ ಕೂತು ಬೀಟ್ ಮಾಡುವ ಹುಡುಗ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ.

ಮೊದಲ ಪ್ರಶ್ನೆ: ಒಂಬತ್ತು ಟ್ರ್ಯಾಕ್ ಒಟ್ಟಿಗೆ ಹಾಕಿದರೆ ಅದು ಆಲ್ಬಮ್ ಆಗುತ್ತದಾ? ಆಗುವುದಿಲ್ಲ ಎಂದು ನನಗೆ ತೋರಿಸಿಕೊಟ್ಟದ್ದು ಚರಣ್‌ಜಿತ್ ಸಿಂಗ್ ಅವರ ರೆಕಾರ್ಡ್. ಮುಂಬೈಯ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟ್ ಮೇಲೆ ನುಡಿಸಿ ಒಂದು ಎಲ್‌ಪಿ ಮಾಡಿದರು. ಬಳಸಿದ್ದು ಮೂರು ರೋಲ್ಯಾಂಡ್ ಯಂತ್ರ: ಡ್ರಮ್ ಸದ್ದಿಗೆ ಟಿಆರ್-808, ಬೇಸ್ ಅಂದರೆ ಕೆಳಗಿನ ದಪ್ಪ ಸ್ವರಗಳಿಗೆ ಟಿಬಿ-303, ಮತ್ತೆ ಜುಪಿಟರ್-8 ಸಿಂಥ್. ಆಗ ಅದನ್ನು ಕೇಳಿದವರು ಕಡಿಮೆ. 303 ಯಂತ್ರದ ಆ ಕುಲುಕುವ ಬೇಸ್ ಶಿಕಾಗೋದಲ್ಲಿ ಆಸಿಡ್ ಹೌಸ್ ಅನ್ನುವ ಡಾನ್ಸ್ ಮ್ಯೂಸಿಕ್ ಆಗಿ ಹೊರಬಂದಿದ್ದು 1987ರಲ್ಲಿ. 2010ರಲ್ಲಿ ಸಿಂಗ್ ಅವರ ರೆಕಾರ್ಡ್ ಮತ್ತೆ ಬಿಡುಗಡೆ ಆದಾಗ ಪ್ರಪಂಚದ ಎಲ್ಲ ಕಡೆಯ ಡಿಜೆಗಳು ಬೆರಗಾದರು. ಐದು ವರ್ಷ ಮೊದಲೇ ಮುಂಬೈನಲ್ಲಿ ಇದು ಆಗಿತ್ತಲ್ಲ ಅಂತ.

ಯಾರು ಮೊದಲು ಅನ್ನುವ ವಾದದಲ್ಲಿ ನನಗೆ ಜಾಸ್ತಿ ಆಸಕ್ತಿ ಇಲ್ಲ. ಆ ರೆಕಾರ್ಡ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕಟ್ಟುಪಾಡು. ಅದೇ ಯಂತ್ರಗಳು, ಅದೇ ಬೀಟು, ಬದಲಾಗುವುದು ರಾಗ ಮಾತ್ರ. 303 ಯಂತ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಇದೆ. ಗಿಟಾರ್ ನುಡಿಸುವವರಿಗೆ ಬೇಸ್ ಜೊತೆ ಕೊಡಲಿ ಎಂದು ಮಾಡಿದ ಯಂತ್ರ ಅದು. ಆ ಕೆಲಸದಲ್ಲಿ ಸೋತಿತು. ಅದರ ಜಾರುವಿಕೆ ರಾಗಕ್ಕೆ ಹೇಗೆ ಒಗ್ಗುತ್ತದೆ ಎಂದು ಕಿವಿಯಲ್ಲಿ ಕೇಳಿ ಕಂಡುಕೊಂಡವರು ಸಿಂಗ್. ಕಟ್ಟುಪಾಡು ಬಿಗಿಯಾಗಿದ್ದರಿಂದಲೇ ಅಷ್ಟು ಸಣ್ಣ ಬದಲಾವಣೆಯೂ ಅಲ್ಲಿ ದೊಡ್ಡದಾಗಿ ಕೇಳುತ್ತದೆ. ಹಾಗಾಗಿ ನಾನೂ ಮೊದಲು ಕಟ್ಟುಪಾಡು ಹುಡುಕಿದೆ. ಟ್ರ್ಯಾಕ್‌ಗಳು ಆಮೇಲೆ.

ಮೊದಲನೆಯದು ಶ್ರುತಿ. ಕಚೇರಿಯಲ್ಲಿ ಕೂತಾಗ ಗಮನಿಸಿ. ಮೊದಲ ವರ್ಣದಿಂದ ಕೊನೆಯ ಮಂಗಳದವರೆಗೆ ತಂಬೂರಿ ಶ್ರುತಿ ಬದಲಾಗುವುದಿಲ್ಲ. ರಾಗ ಬದಲಾಗುತ್ತದೆ, ತಾಳ ಬದಲಾಗುತ್ತದೆ, ಷಡ್ಜ ಮಾತ್ರ ಇದ್ದಲ್ಲೇ ಇರುತ್ತದೆ. ಮೂರು ಗಂಟೆ ಒಂದೇ ಆಧಾರ ಸ್ವರ, ಆದರೂ ಯಾರಿಗೂ ಬೇಜಾರಾಗುವುದಿಲ್ಲ. ಡಿಜೆಗಳ ಪದ್ಧತಿ ಬೇರೆ. ಅಲ್ಲಿ ಶ್ರುತಿಗೆ ಕೀ ಅನ್ನುತ್ತಾರೆ. ಒಂದು ಟ್ರ್ಯಾಕ್‌ನ ಕೀಯಿಂದ ಹೊಂದುವ ಇನ್ನೊಂದು ಕೀಗೆ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಾರೆ. ನಾನು ಕಚೇರಿಯ ದಾರಿ ಹಿಡಿದೆ. ಇಡೀ ಆಲ್ಬಮ್ ಒಂದೇ ಶ್ರುತಿಯಲ್ಲಿ ಇರಬೇಕು, ಕಿಕ್ ಡ್ರಮ್ಮೇ ಆ ಷಡ್ಜ ಆಗಬೇಕು.

ಯಾವ ಶ್ರುತಿ ಅನ್ನುವುದನ್ನು ನನ್ನ ರೂಮೇ ತೀರ್ಮಾನ ಮಾಡಿತು. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ಕೆಲಸ ಮಾಡುವ ರೂಮಿನ ಅಗಲ ಹತ್ತು ಅಡಿ. ಎದುರುಬದುರು ಗೋಡೆಗಳ ನಡುವೆ ಹತ್ತು ಅಡಿ ಇದ್ದರೆ ಸುಮಾರು 56 ಹರ್ಟ್ಸ್‌ನ ಸದ್ದು ಅಲ್ಲಿ ಸಿಕ್ಕಿಕೊಂಡು ಉಬ್ಬುತ್ತದೆ. ಆ ಸದ್ದಿನ ಅಲೆಯ ಅರ್ಧ ಉದ್ದ ಸರಿಯಾಗಿ ಗೋಡೆಯಿಂದ ಗೋಡೆಗೆ ಕೂರುವುದೇ ಇದಕ್ಕೆ ಕಾರಣ. ಪಾಶ್ಚಾತ್ಯ ಲೆಕ್ಕದ ಎ ಸ್ವರ ಕೆಳಗಿನ ಸ್ಥಾಯಿಯಲ್ಲಿ 55 ಹರ್ಟ್ಸ್. ಅಂದರೆ ಎ ಸ್ವರದ ಕಿಕ್ ಹಾಕಿದರೆ ಈ ರೂಮಿನಲ್ಲಿ ಅದು ಇರುವುದಕ್ಕಿಂತ ತುಂಬಾ ದೊಡ್ಡದಾಗಿ ಕೇಳಿಸುತ್ತದೆ. ಕಿವಿ ಅದನ್ನು ನಂಬಿ ಕಡಿಮೆ ಮಾಡಿದರೆ, ಹೊರಗಡೆ ಎಲ್ಲಿ ಹಾಕಿದರೂ ಆ ಕಿಕ್‌ನಲ್ಲಿ ಜೀವ ಇರುವುದಿಲ್ಲ. ಅಳತೆಯ ಮೈಕ್ ಇಟ್ಟು, ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ನಲ್ಲಿ ರೂಮನ್ನು ಅಳೆದೆ. ಉಬ್ಬು ಅಲ್ಲೇ ಇತ್ತು. ಎರಡು ಅರ್ಧಸ್ವರ ಕೆಳಗೆ, ಜಿ ಅಂದರೆ 49 ಹರ್ಟ್ಸ್ ಹತ್ತಿರ, ರೂಮು ನಿಜ ಹೇಳುತ್ತಿತ್ತು. ಹಾಗಾಗಿ ಆಲ್ಬಮ್‌ನ ಶ್ರುತಿ ಜಿ ಆಯಿತು.

ರೂಮನ್ನು ಸರಿ ಮಾಡದೆ ಬಿಟ್ಟೆ ಅಂತ ಅಲ್ಲ. ಮೂಲೆಗಳಲ್ಲಿ ಸದ್ದು ಹೀರುವ ದಪ್ಪ ರಾಕ್‌ವೂಲ್ ತುಂಬಿದ ಪ್ಯಾನಲ್ ನಿಲ್ಲಿಸಿದೆ. ಮರದ ಚೌಕಟ್ಟು, ಮೇಲೆ ಕಾಟನ್ ಬಟ್ಟೆ, ಬಡಗಿಯೊಬ್ಬರಿಂದ ಮಾಡಿಸಿದ್ದು. ಎಸ್‌ಪಿ ರೋಡ್‌ನಲ್ಲಿ ಕೇಬಲ್, ಕನೆಕ್ಟರ್ ತಂದು ನಾನೇ ಬೆಸುಗೆ ಹಾಕಿದೆ. ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು: ಮೊಟ್ಟೆ ಟ್ರೇ ಗೋಡೆಗೆ ಅಂಟಿಸಬೇಡಿ. ತೆಳು ಫೋಮ್ ಕೂಡ ಅಷ್ಟೇ. ಅವು ಮೇಲಿನ ಸದ್ದನ್ನು ಸ್ವಲ್ಪ ಹೀರುತ್ತವೆ, ಕೆಳಗಿನ ಬೇಸ್ ಹಾಗೇ ಉಳಿಯುತ್ತದೆ, ರೂಮು ಇನ್ನೂ ಮಂಕಾಗುತ್ತದೆ. ದುಡ್ಡು ಕಡಿಮೆ ಇದ್ದರೆ ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ, ಅದನ್ನೇ ನಂಬಿ ಕೆಲಸ ಮಾಡಿ. ರಾತ್ರಿ 10ರ ಮೇಲೆ ನನ್ನದೂ ಹೆಡ್‌ಫೋನೇ. ವಸತಿ ಪ್ರದೇಶದಲ್ಲಿ ರಾತ್ರಿಯ ಸದ್ದಿನ ಮಿತಿ 45 ಡೆಸಿಬೆಲ್, ಕೆಳಗೆ ಓನರ್ ಮನೆಯವರು ಮಲಗಿರುತ್ತಾರೆ. ಇಡೀ ಆಲ್ಬಮ್‌ನ ಬೇಸ್‌ಲೈನ್‌ಗಳೆಲ್ಲ ಹಗಲಲ್ಲೇ ಆಗಿವೆ.

ಇನ್ನು ತಮಟೆ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಏಕೆಂದರೆ ಆಲ್ಬಮ್‌ನ ದಿಕ್ಕು ಬದಲಾಗಿದ್ದು ಅಲ್ಲಿ.

ಜಾನಪದ ವಾದ್ಯದ ನಾಲ್ಕು ಪೆಟ್ಟನ್ನು ಸ್ಯಾಂಪಲ್ ಮಾಡಿ ಹೌಸ್ ಬೀಟ್ ಮೇಲೆ ಉದುರಿಸುವುದು ನನಗೆ ಹಿಡಿಸುವುದಿಲ್ಲ. ಡೊಳ್ಳಿನ ಒಂದು ಸದ್ದು, ಚೆಂಡೆಯ ಒಂದು ಸದ್ದು ತಂದು ಡ್ರಾಪ್‌ಗೆ, ಅಂದರೆ ಬೀಟು ಒಮ್ಮೆಲೇ ಬಂದು ಬೀಳುವ ಜಾಗಕ್ಕೆ, ಮುಂಚೆ ಇಟ್ಟರೆ ಅದು ಅಲಂಕಾರ ಆಗುತ್ತದೆ ಅಷ್ಟೇ. ಆ ವಾದ್ಯದ ನಡಿಗೆ ಅಲ್ಲಿಗೆ ಬರುವುದೇ ಇಲ್ಲ. ನಾನು ಕೋಲಾರ ಜಿಲ್ಲೆಯಲ್ಲಿ ಬೆಳೆದವನು. ಊರ ಹಬ್ಬದಲ್ಲಿ ತಮಟೆ ಶುರುವಾದರೆ ಕಾಲು ತಾನಾಗೇ ಏಳುತ್ತಿತ್ತು. ಡಾನ್ಸ್ ಮ್ಯೂಸಿಕ್ ಅಂದರೆ ನನಗೆ ಮೊದಲು ಗೊತ್ತಾಗಿದ್ದು ಅದೇ. ಅದರ ಗೌರವ ಈಚೆಗೆ ಹೊರಗೂ ಕಾಣುತ್ತಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಡೆಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಚಿಂತಾಮಣಿ ಹತ್ತಿರದ ಒಂದು ತಂಡವನ್ನು ಪರಿಚಯದವರ ಮೂಲಕ ಭೇಟಿ ಮಾಡಿದೆ. ಸ್ಟುಡಿಯೋಗೆ ಕರೆಸುವ ಯೋಚನೆ ಮಾಡಲಿಲ್ಲ. ತಮಟೆ ಬಯಲಿನ ವಾದ್ಯ. ನಾಲ್ಕು ಗೋಡೆ ಮಧ್ಯೆ ಆರು ತಮಟೆ ಒಟ್ಟಿಗೆ ಬಾರಿಸಿದರೆ ಸದ್ದು ಸದ್ದಿನ ಮೇಲೆ ಬಿದ್ದು ಪೆಟ್ಟಿನ ಅಂಚೇ ಉಳಿಯುವುದಿಲ್ಲ. ಊರ ಹೊರಗೆ ಹುಣಸೆ ತೋಪು ಇತ್ತು. ಅಲ್ಲೇ ರೆಕಾರ್ಡಿಂಗ್. ಬಾರಿಸುವವರ ಹತ್ತಿರ ಎರಡು ಮೈಕ್, ದೂರದಲ್ಲಿ ಸ್ಟೀರಿಯೋಗೆ ಒಂದು ಜೊತೆ, ಎಲ್ಲಕ್ಕೂ ಗಾಳಿ ತಡೆಯುವ ತುಪ್ಪಟದ ಕವರ್. ಬ್ಯಾಟರಿಯಲ್ಲಿ ನಡೆಯುವ ರೆಕಾರ್ಡರ್.

ತಮಟೆ ರೆಕಾರ್ಡ್ ಮಾಡುವವರು ತಿಳಿದಿರಬೇಕಾದದ್ದು ಬೆಂಕಿ. ಚರ್ಮದ ತಮಟೆಯನ್ನು ಬಾರಿಸುವ ಮೊದಲು ಹುಲ್ಲು ಹೊತ್ತಿಸಿ ಕಾಯಿಸುತ್ತಾರೆ. ಕಾದಾಗ ಚರ್ಮ ಬಿಗಿಯಾಗಿ ಸದ್ದು ಮೇಲೇರುತ್ತದೆ, ಬಾರಿಸುತ್ತ ಬಾರಿಸುತ್ತ ತಣ್ಣಗಾದಂತೆ ಇಳಿಯುತ್ತದೆ. ಸಂಜೆ ತಂಪು ಬಿದ್ದರೆ ಇನ್ನೂ ಬೇಗ ಇಳಿಯುತ್ತದೆ. ಹಾಗಾಗಿ ಮೊದಲ ಟೇಕ್‌ನ ಆರಂಭವನ್ನು ಇನ್ನೊಂದು ಟೇಕ್‌ನ ಕೊನೆಗೆ ಕತ್ತರಿಸಿ ಅಂಟಿಸಿದರೆ ಎರಡು ಬೇರೆ ವಾದ್ಯ ಅನ್ನಿಸುತ್ತದೆ. ಪ್ರತಿ ಟೇಕ್‌ಗೂ ಹೊಸದಾಗಿ ಕಾಯಿಸಿ, ಒಂದೇ ಉಸಿರಿಗೆ ಪೂರ್ತಿ ಬಾರಿಸಿ, ಒಂದು ಟೇಕನ್ನು ಇಡಿಯಾಗಿ ಬಳಸುವುದೇ ಸರಿಯಾದ ದಾರಿ. ಈಗ ಫೈಬರ್ ಹಾಳೆಯ ತಮಟೆಗಳೂ ಬಂದಿವೆ, ಅವಕ್ಕೆ ಬೆಂಕಿ ಬೇಡ, ಮಳೆಯಲ್ಲೂ ಬಾರಿಸಬಹುದು. ತಂಡದವರ ಹತ್ತಿರ ಎರಡೂ ಇದ್ದವು. ಫೈಬರ್‌ದು ಚುರುಕು, ಸೀಳುವ ಸದ್ದು. ಚರ್ಮದ್ದು ಹೊಟ್ಟೆಗೆ ತಾಗುತ್ತದೆ. ಎರಡನ್ನೂ ಬಳಸಿದ್ದೇನೆ.

ಆಮೇಲೆ ಬಂತು ಕ್ಲಿಕ್. ನಮ್ಮ ಕೆಲಸದಲ್ಲಿ ಮೆಟ್ರೋನೋಮ್‌ನ ಟಿಕ್ ಟಿಕ್ ಇಲ್ಲದೆ ಏನೂ ನಡೆಯುವುದಿಲ್ಲ. ಎಲ್ಲವೂ ಗ್ರಿಡ್ ಮೇಲೆ, ಅಂದರೆ ಆ ಟಿಕ್ ಟಿಕ್‌ನ ಸಮ ಗೆರೆಗಳ ಮೇಲೆ, ಕೂರಬೇಕು. ತಂಡದ ಹಿರಿಯರ ಕಿವಿಗೆ ಇಯರ್‌ಫೋನ್ ಕೊಟ್ಟು 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟಿನ, ಕ್ಲಿಕ್ ಹಾಕಿದೆ. ಅವರು ಅದಕ್ಕೆ ಸರಿಯಾಗೇ ಬಾರಿಸಿದರು. ಒಂದು ಪೆಟ್ಟೂ ತಪ್ಪಲಿಲ್ಲ. ಮುಗಿಸಿ ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು ಹೇಳಿದರು:

"ಇದು ನಮ್ಮ ಮಾತು ಕೇಳಾಕಿಲ್ಲ ಸಾರ್. ನಾವೇ ಇದರ ಮಾತು ಕೇಳಬೇಕು. ಕುಣಿಯೋರ್ನ ನೋಡ್ಕೊಂಡು ಬಾರಿಸೋದು ನಾವು. ಅವರು ಏರಿದಂಗೆ ನಾವು ಏರ್ತೀವಿ."

"ಸರಿ ಅಣ್ಣ, ಇದು ಬೇಡ. ನಿಮಗೆ ಹೇಗೆ ಬರುತ್ತೋ ಹಾಗೇ ಬಾರಿಸಿ," ಅಂದೆ.

ತಂಡದಲ್ಲಿ ಇಬ್ಬರು ಹುಡುಗರು ತಮಟೆ ಕೆಳಗಿಟ್ಟು ಕುಣಿಯಲು ಮುಂದೆ ಬಂದರು. ಉಳಿದವರು ಅವರ ಕಾಲು ನೋಡುತ್ತ ಬಾರಿಸಿದರು. ಏಳು ನಿಮಿಷದ ಆ ಒಂದು ಟೇಕ್ ಆಲ್ಬಮ್‌ನ ಐದನೇ ಟ್ರ್ಯಾಕ್. ಮನೆಗೆ ಬಂದು ಅಳೆದಾಗ ಶುರುವಿನಲ್ಲಿ 112 ಬಿಪಿಎಂ, ಕೊನೆಯಲ್ಲಿ 131. ಎಲ್ಲೂ ಹಾರಿಲ್ಲ, ಎಡವಿಲ್ಲ, ನಿಧಾನಕ್ಕೆ ಏರಿದೆ. ಕುಣಿಯುವ ಹುಡುಗರು ದಣಿದ ಕಡೆ ಎರಡು ಮೂರು ಬಾರ್‌ಗಳಷ್ಟು ಕಾಲ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಒಂದಿಷ್ಟು ಇಳಿದು ಮತ್ತೆ ಏರಿದೆ.

ಸಾಮಾನ್ಯವಾಗಿ ಇಲ್ಲಿ ಏನು ಮಾಡುತ್ತಾರೆ? ಈ ರೆಕಾರ್ಡಿಂಗನ್ನು ಎಳೆದು, ಹಿಗ್ಗಿಸಿ, ಕುಗ್ಗಿಸಿ 124ಕ್ಕೆ ಕೂರಿಸುತ್ತಾರೆ. ನಾನು ಉಲ್ಟಾ ಮಾಡಿದೆ. ನಾನು ಸಂಗೀತ ಮಾಡುವ ಸಾಫ್ಟ್‌ವೇರ್ ಏಬಲ್ಟನ್ ಲೈವ್‌ನಲ್ಲಿ ಒಂದು ಕ್ಲಿಪ್ಪನ್ನು, ಅಂದರೆ ರೆಕಾರ್ಡಿಂಗ್ ತುಣುಕನ್ನು, ಟೆಂಪೋದ ಲೀಡರ್ ಮಾಡಬಹುದು. ಆಗ ಇಡೀ ಪ್ರಾಜೆಕ್ಟ್ ಆ ಕ್ಲಿಪ್‌ನ ವೇಗವನ್ನೇ ಅನುಸರಿಸುತ್ತದೆ. ಅದಕ್ಕೆ ಪ್ರತಿ ಬಾರ್‌ನ ಮೊದಲ ಪೆಟ್ಟು ಎಲ್ಲಿದೆ ಎಂದು ಕೈಯಲ್ಲೇ ಗುರುತು ಹಾಕಬೇಕು. ಬೇಜಾರಿನ ಕೆಲಸ. ಆದರೆ ಮುಗಿದ ಮೇಲೆ ಕಿಕ್, ಬೇಸ್, ಸಿಂಥ್, ಡಿಲೇ ಎಲ್ಲವೂ ಆ ತಂಡದ ಹಿಂದೆ ಹೋಗತೊಡಗಿದವು. ಇಯರ್‌ಫೋನ್ ಕ್ಲಿಕ್ಕು ಅವರ ಮಾತು ಕೇಳಿರಲಿಲ್ಲ. ಈಗ ನನ್ನ ಯಂತ್ರಗಳೆಲ್ಲ ಕೇಳಿದವು. ಆ ದಿನ ನನಗಾದ ಖುಷಿ ಹೇಳಲು ಬರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ತಮಟೆಯಲ್ಲಿ ಎರಡು ದೊಡ್ಡ ಪೆಟ್ಟುಗಳ ನಡುವಿನ ಸಣ್ಣ ಪೆಟ್ಟು ಸರಿಯಾಗಿ ಮಧ್ಯಕ್ಕೆ ಬೀಳುವುದಿಲ್ಲ, ಸ್ವಲ್ಪ ಹಿಂದಕ್ಕೆ ಬೀಳುತ್ತದೆ. ಆ ತೂಗಾಟವನ್ನು ಸಾಫ್ಟ್‌ವೇರ್ ಒಂದು ಗ್ರೂವ್ ಆಗಿ ಎತ್ತಿ ಕೊಡುತ್ತದೆ. ಆ ಗ್ರೂವನ್ನು ತಮಟೆಯೇ ಇಲ್ಲದ ಬೇರೆ ಟ್ರ್ಯಾಕ್‌ಗಳ ಸಿಂಥ್ ಬೇಸ್‌ಗೂ ಹಾಕಿದೆ. ಎರಡನೇ ಟ್ರ್ಯಾಕ್‌ನಲ್ಲಿ ಒಂದು ತಮಟೆಯೂ ಇಲ್ಲ, ಆದರೂ ನಮ್ಮ ಕಡೆಯವರು ಕೇಳಿದರೆ ಕಾಲು ಏಳುತ್ತದೆ.

ಈ ಒಂದು ಟೇಕ್ ಆಲ್ಬಮ್‌ನ ಎರಡನೇ ಕಟ್ಟುಪಾಡನ್ನು ಕೊಟ್ಟಿತು. ಒಂದು ಟ್ರ್ಯಾಕ್ ಏರಬಹುದಾದರೆ ಇಡೀ ಆಲ್ಬಮ್ ಏಕೆ ಏರಬಾರದು? ಮೊದಲ ಟ್ರ್ಯಾಕ್ 104ರಲ್ಲಿ ಶುರು. ನಾಲ್ಕನೆಯದು ಮುಗಿಯುವಾಗ 112. ಅಲ್ಲಿಂದ ತಮಟೆ ಕೈ ಹಿಡಿದು 131ಕ್ಕೆ ಕರೆದುಕೊಂಡು ಹೋಗುತ್ತದೆ. ಆರು, ಏಳು ಆ ಎತ್ತರದಲ್ಲೇ. ಎಂಟರಲ್ಲಿ ಇಳಿಜಾರು. ಒಂಬತ್ತನೆಯದು 96ರಲ್ಲಿ ಮುಗಿಯುತ್ತದೆ. ಡಿಜೆ ಗೆಳೆಯರು ಇದನ್ನು ಕೇಳಿ ತಲೆ ಕೆಡಿಸಿಕೊಂಡರು. ವೇಗ ಬದಲಾಗುವ ಟ್ರ್ಯಾಕನ್ನು ಇನ್ನೊಂದರ ಜೊತೆ ಮಿಕ್ಸ್ ಮಾಡುವುದು ಕಷ್ಟ, ನಿಜ. ಆದರೆ ಇದು ಕೂತು ಅಥವಾ ನಿಂತು ಮೊದಲಿಂದ ಕೊನೆಯವರೆಗೆ ಕೇಳುವ ಆಲ್ಬಮ್. ಕ್ಲಬ್ಬಿಗೆ ಬೇಕಾದ ಆವೃತ್ತಿ ಬೇರೆ ಮಾಡಬಹುದು.

ಬರೆಯುವ ಹಂತದ ಬಗ್ಗೆ ಕೆಲವು ಮಾತು. ನಮ್ಮಂಥವರ ಹಾರ್ಡ್ ಡಿಸ್ಕ್ ತುಂಬ ಎಂಟು ಬಾರ್‌ಗಳ ಲೂಪ್‌ಗಳೇ, ಅಂದರೆ ಸುತ್ತಿ ಸುತ್ತಿ ಬರುವ ತುಣುಕುಗಳೇ. 124 ಬಿಪಿಎಂನಲ್ಲಿ ಎಂಟು ಬಾರ್ ಅಂದರೆ ಹದಿನೈದೂವರೆ ಸೆಕೆಂಡ್. ಅಷ್ಟನ್ನು ಚೆಂದ ಮಾಡುವುದು ಸುಲಭ. ಐದು ನಿಮಿಷಕ್ಕೆ ಬೆಳೆಸುವುದರಲ್ಲೇ ಕೆಲಸ ಇರುವುದು. ನಾನು ಲೂಪ್ ಕೇಳುತ್ತಾ ಕೂರುವುದನ್ನು ಬಿಟ್ಟು, ಒಂಬತ್ತೂ ಟ್ರ್ಯಾಕ್‌ನ ಅಸ್ಥಿಪಂಜರವನ್ನು ಒಂದೇ ಪ್ರಾಜೆಕ್ಟ್‌ನಲ್ಲಿ ಉದ್ದಕ್ಕೆ ಹಾಸಿದೆ. ಬರೀ ಕಿಕ್ ಮತ್ತು ಒಂದು ಎಳೆದ ಸ್ವರ. 47 ನಿಮಿಷ ಪೂರ್ತಿ ಕಣ್ಣೆದುರು. ಎಲ್ಲಿ ಉಸಿರು ಬೇಕು, ಎಲ್ಲಿ ಒತ್ತಡ ಬೇಕು ಅನ್ನುವುದು ಅಲ್ಲೇ ಕಾಣುತ್ತದೆ. ಆಮೇಲೆ ಒಳಗೆ ತುಂಬಿಸುತ್ತ ಹೋದೆ.

ಇದರಿಂದ ಒಂದು ಲಾಭ ಆಯಿತು. ಡಾನ್ಸ್ ಟ್ರ್ಯಾಕ್‌ಗಳ ಆರಂಭದಲ್ಲಿ 32 ಬಾರ್ ಬರೀ ಡ್ರಮ್ ಇಡುವುದು ರೂಢಿ. ಡಿಜೆಗೆ ಹಿಂದಿನ ಹಾಡಿನಿಂದ ಇದಕ್ಕೆ ದಾಟಲು ಅಷ್ಟು ಹೊತ್ತು ಬೇಕು. ಅಂದರೆ ಸುಮಾರು ಒಂದು ನಿಮಿಷ. ಆಲ್ಬಮ್‌ನಲ್ಲಿ ಆ ದಾಟುವ ಕೆಲಸವನ್ನು ಹಿಂದಿನ ಟ್ರ್ಯಾಕೇ ಮಾಡುವುದರಿಂದ ಪ್ರತಿ ಟ್ರ್ಯಾಕ್ ನೇರ ವಿಷಯಕ್ಕೆ ಬರಬಹುದು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಎಂದು ಲೆಕ್ಕ. ಅದಕ್ಕಾಗಿ ಎಲ್ಲವನ್ನೂ ಮೊದಲ ಅರ್ಧ ನಿಮಿಷಕ್ಕೆ ತುರುಕುವ ಚಾಳಿಯೂ ಬೆಳೆದಿದೆ. ಅದನ್ನು ನಾನು ಮಾಡಲಿಲ್ಲ. ಏಳನೇ ಟ್ರ್ಯಾಕ್‌ನಲ್ಲಿ ಎರಡು ನಿಮಿಷ ಹಿಂದೋಳ ರಾಗದ ಐದು ಸ್ವರಗಳು ಬಿಟ್ಟರೆ ಬೇರೇನೂ ಇಲ್ಲ. ಕೇಳುವವರಿಗೆ ತಾಳ್ಮೆ ಇದೆ ಎಂದು ನಂಬಿ ಮಾಡಿದ್ದು.

ಹನ್ನೊಂದು ಟ್ರ್ಯಾಕ್ ಬರೆದು ಎರಡನ್ನು ತೆಗೆದೆ. ಅವೆರಡೂ ಚೆನ್ನಾಗಿಯೇ ಇದ್ದವು, ಒಂದಂತೂ ಗೆಳೆಯರಿಗೆಲ್ಲ ತುಂಬ ಇಷ್ಟ. ಆದರೆ ಶ್ರುತಿ ಬಿಟ್ಟು ಹೊರಗೆ ಹೋಗುತ್ತಿತ್ತು. ಜಿಗೆ ತಂದು ನೋಡಿದರೆ ಅದರ ಹೊಳಪು ಹೋಯಿತು. ತೆಗೆದಿಟ್ಟೆ, ಮುಂದೆ ಸಿಂಗಲ್ ಆಗಿ ಬರಬಹುದು.

ಎಲ್ಲ ಸದ್ದುಗಳನ್ನು ಒಂದಕ್ಕೊಂದು ಹೊಂದಿಸುವ ಮಿಕ್ಸಿಂಗ್‌ನಲ್ಲಿ ಅತಿ ಹೆಚ್ಚು ಹೊತ್ತು ಹೋಗಿದ್ದು ಕಿಕ್ ಮತ್ತು ಬೇಸ್ ನಡುವೆ. ಎರಡೂ ಕೆಳಗಿನ ಸದ್ದು, ಒಂದೇ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದ ಹಾಗೆ. ಕಿಕ್ 49 ಹರ್ಟ್ಸ್‌ನಲ್ಲಿ ಕೂತಿದೆ. ಬೇಸ್‌ಲೈನ್‌ಗಳನ್ನು ಅದರ ಮೇಲಿನ ಸ್ಥಾಯಿಯಲ್ಲಿ, 98ರ ಸುತ್ತಮುತ್ತ, ಇಟ್ಟೆ. ಮತ್ತೆ ಸೈಡ್‌ಚೈನ್. ಕಿಕ್ ಬಿದ್ದ ಪ್ರತಿ ಸಲ ಬೇಸ್ ತಾನಾಗೇ ತಗ್ಗಿ, ಆಮೇಲೆ ಏಳುವಂತೆ ಮಾಡುವುದು. 124 ಬಿಪಿಎಂನಲ್ಲಿ ಒಂದು ಬೀಟ್‌ನಿಂದ ಇನ್ನೊಂದಕ್ಕೆ 484 ಮಿಲಿಸೆಕೆಂಡ್. ಅಷ್ಟರೊಳಗೆ ಬೇಸ್ ತಗ್ಗಿ ಎದ್ದಿರಬೇಕು. ಬೇಗ ಎದ್ದರೆ ಒತ್ತಡ, ನಿಧಾನಕ್ಕೆ ಎದ್ದರೆ ಉಸಿರಾಟದಂಥ ತೂಗು. ವೇಗ ಏರುವ ಟ್ರ್ಯಾಕ್‌ನಲ್ಲಿ ಈ ಅಂತರ ಸದಾ ಕಡಿಮೆ ಆಗುತ್ತಾ ಹೋಗುತ್ತದಲ್ಲ, ಹಾಗಾಗಿ ಐದನೇ ಟ್ರ್ಯಾಕ್‌ನಲ್ಲಿ ಆ ಸೆಟ್ಟಿಂಗನ್ನೂ ವೇಗದ ಜೊತೆಗೆ ಬದಲಾಯಿಸುತ್ತ ಹೋಗಬೇಕಾಯಿತು. 120 ಹರ್ಟ್ಸ್ ಕೆಳಗಿನದ್ದನ್ನೆಲ್ಲ ಮೋನೋ ಮಾಡಿದೆ, ಅಂದರೆ ಎಡ ಬಲ ಎರಡೂ ಕಡೆ ಒಂದೇ ಸದ್ದು. ದೊಡ್ಡ ಸ್ಪೀಕರ್‌ಗಳಲ್ಲಿ ಬೇಸ್ ಗಟ್ಟಿಯಾಗಿ ನಿಲ್ಲಲು ಅದು ಬೇಕು.

ತಮಟೆ ಬಂದ ಕಡೆ ಡ್ರಮ್ ಯಂತ್ರದ ಚುರುಕು ಸದ್ದುಗಳಾದ ಹೈ ಹ್ಯಾಟ್ ಮತ್ತು ಕ್ಲ್ಯಾಪ್ ಪೂರ್ತಿ ತೆಗೆದೆ. ತಮಟೆ ಬಾರಿಸುವ ಎರಡು ಕೋಲಿನಲ್ಲಿ ಸಣ್ಣ ಕೋಲಿನ ಚಟಪಟ ಸದ್ದು ಅದೇ ಜಾಗದಲ್ಲಿ ಬರುತ್ತದೆ, ಹ್ಯಾಟ್‌ಗಿಂತ ನೂರು ಪಾಲು ಜೀವಂತವಾಗಿ. ಮಿಕ್ಸ್ ಆದ ಮೇಲೆ ತಂಡದ ಹಿರಿಯರಿಗೆ ಫೋನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಚೆನ್ನಾಗೈತೆ ಸಾರ್. ಆದ್ರೆ ದೊಡ್ಡ ಕೋಲು ಕೇಳಿಸ್ತಿಲ್ಲ, ಬರೀ ಸಣ್ಣ ಕೋಲೇ ಕೇಳ್ತೈತೆ." ಫೋನಿನ ಸ್ಪೀಕರ್ ಸಣ್ಣದು ಎಂದು ಹೇಳಿ ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ಹೆಚ್ಚಿನ ಜನ ಕೇಳುವುದು ಫೋನಿನಲ್ಲೇ ಅಲ್ವಾ? ದಪ್ಪ ಪೆಟ್ಟಿನ 200ರಿಂದ 400 ಹರ್ಟ್ಸ್ ಭಾಗಕ್ಕೆ ತುಸು ಸ್ಯಾಚುರೇಶನ್, ಅಂದರೆ ಸದ್ದನ್ನು ದಟ್ಟ ಮಾಡುವ ಸಣ್ಣ ಒರಟು, ಕೊಟ್ಟು, ಅದೇ ಜಾಗದಲ್ಲಿ ಸಿಂಥನ್ನು ತಗ್ಗಿಸಿದೆ. ಈಗ ಫೋನಿನಲ್ಲೂ ದೊಡ್ಡ ಕೋಲು ಕೇಳುತ್ತದೆ. ಇಡೀ ಮಿಕ್ಸ್‌ಗೆ ಸಿಕ್ಕ ಅತ್ಯುತ್ತಮ ಸಲಹೆ ಅದು.

ಚರ್ಚ್ ಸ್ಟ್ರೀಟ್ ಕಡೆಯ ಒಂದು ಪಬ್‌ನಲ್ಲಿ ಪರಿಚಯದವರು ಕೆಲಸ ಮಾಡುತ್ತಾರೆ. ಮಧ್ಯಾಹ್ನ ಜನ ಬರುವ ಮೊದಲು ಅಲ್ಲಿನ ದೊಡ್ಡ ಸಿಸ್ಟಮ್‌ನಲ್ಲಿ ಪೂರ್ತಿ ಹಾಕಿ ಕೇಳಿದೆ. ಖಾಲಿ ಹಾಲ್‌ನಲ್ಲಿ ಸದ್ದು ತುಂಬ ಹೊತ್ತು ಉಳಿಯುತ್ತದೆ, ಜನ ತುಂಬಿದಾಗ ಮೈಗಳೇ ಅದನ್ನು ಹೀರುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿದು ಕೇಳಿದರೂ ವೇಗದ ಟ್ರ್ಯಾಕ್‌ಗಳಲ್ಲಿ ಕಿಕ್‌ನ ಬಾಲ ಉದ್ದ ಅನ್ನಿಸಿತು. 131ರಲ್ಲಿ ಬೀಟ್‌ಗಳ ಮಧ್ಯೆ 458 ಮಿಲಿಸೆಕೆಂಡ್ ಮಾತ್ರ. ಬಾಲ ಕತ್ತರಿಸಿದ ಮೇಲೆ ನಡುವೆ ಗಾಳಿ ಆಡಿತು.

ಮಾಸ್ಟರಿಂಗನ್ನು, ಅಂದರೆ ಬಿಡುಗಡೆಗೆ ಮೊದಲು ಸದ್ದನ್ನು ಕೊನೆಯದಾಗಿ ಹದ ಮಾಡುವ ಕೆಲಸವನ್ನು, ನಾನು ಮಾಡಲಿಲ್ಲ. ಇಷ್ಟು ತಿಂಗಳು ಕೇಳಿದ ಕಿವಿಗೆ ಹೊಸದಾಗಿ ಏನೂ ಕೇಳಿಸುವುದಿಲ್ಲ. ಬೇರೊಬ್ಬ ಎಂಜಿನಿಯರ್ ಹತ್ತಿರ ಮಾಡಿಸಿದೆ. ಕ್ಲಬ್ ಟ್ರ್ಯಾಕ್‌ಗಳನ್ನು ಮೈನಸ್ 8, 9 ಎಲ್‌ಯುಎಫ್‌ಎಸ್‌ನಷ್ಟು ಜೋರಾಗಿ ಒತ್ತುವುದು ಸಾಮಾನ್ಯ. ಸದ್ದಿನ ಜೋರನ್ನು ಅಳೆಯುವ ಮಾನ ಇದು, ಸೊನ್ನೆಗೆ ಹತ್ತಿರ ಆದಷ್ಟೂ ಜೋರು. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ಮೈನಸ್ 14ರ ಹತ್ತಿರಕ್ಕೆ ತರುತ್ತದೆ. ಅಂದರೆ ಜೋರಾಗಿ ಒತ್ತಿದ್ದೆಲ್ಲ ಅಲ್ಲಿ ವ್ಯರ್ಥ, ಪೆಟ್ಟಿನ ಮೊನೆ ಮಾತ್ರ ಹೋಗಿರುತ್ತದೆ. ಒಂದು ಒಳ್ಳೆಯ ಸಂಗತಿ ಎಂದರೆ ಆಲ್ಬಮ್ಮನ್ನು ಆಲ್ಬಮ್ ಆಗಿ ಹಾಕಿದಾಗ ಟ್ರ್ಯಾಕ್‌ಗಳ ನಡುವಿನ ಸದ್ದಿನ ಏರಿಳಿತವನ್ನು ಅದು ಹಾಗೇ ಉಳಿಸುತ್ತದೆ. ಮೆಲುವಾದ ಟ್ರ್ಯಾಕ್ ಮೆಲುವಾಗಿಯೇ ಇರುತ್ತದೆ. ನನ್ನ ಮೊದಲ ಟ್ರ್ಯಾಕ್ ಏಳನೆಯದಕ್ಕಿಂತ ಸಾಕಷ್ಟು ಮೆಲು. ಸಿಂಗಲ್ ಆಗಿ ಬಿಟ್ಟಿದ್ದರೆ ಆ ಅಂತರವೇ ಉಳಿಯುತ್ತಿರಲಿಲ್ಲ.

ಎಲ್ಲವನ್ನೂ ಒಂದೇ ಉದ್ದನೆಯ ಫೈಲ್ ಆಗಿ ಮಾಸ್ಟರ್ ಮಾಡಿ, ಆಮೇಲೆ ಒಂಬತ್ತು ತುಂಡು ಮಾಡಿದೆವು. ತುಂಡು ಮಾಡುವ ಜಾಗ ಮುಖ್ಯ. ಎಂಪಿ3 ಥರದ ಫೈಲ್ ಮಾಡುವಾಗ ಆರಂಭ, ಕೊನೆಗಳಲ್ಲಿ ಕಣ್ಣಿಗೆ ಕಾಣದಷ್ಟು ಮೌನ ಸೇರಿಕೊಳ್ಳುತ್ತದೆ. ಕೆಲವು ಪ್ಲೇಯರ್‌ಗಳು ಅದನ್ನು ತೆಗೆಯುತ್ತವೆ, ಕೆಲವು ತೆಗೆಯುವುದಿಲ್ಲ. ಎಳೆದ ಸ್ವರದ ನಡುವೆ ಕತ್ತರಿಸಿದರೆ ಅಲ್ಲಿ ಟಕ್ ಅನ್ನುತ್ತದೆ. ಆದ್ದರಿಂದ ಕಿಕ್ ಬೀಳುವ ಸ್ವಲ್ಪ ಮೊದಲು, ಸದ್ದು ಅತಿ ಕಡಿಮೆ ಇರುವ ಕಡೆ ಕತ್ತರಿಸಿದ್ದೇವೆ.

ಕಾಗದ ಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಒಂದು ಭಾಗ ಬಿಡುವ ಹಾಗಿಲ್ಲ. ಪ್ರತಿ ಟ್ರ್ಯಾಕ್‌ಗೂ ಅದನ್ನು ಗುರುತಿಸುವ, ಹನ್ನೆರಡು ಅಕ್ಷರ ಅಂಕಿಗಳ ಐಎಸ್‌ಆರ್‌ಸಿ ಕೋಡ್ ಬೇಕು. ಸ್ಟ್ರೀಮಿಂಗ್ ಸೇವೆಗಳಿಗೆ ಹಾಡು ತಲುಪಿಸುವ ಹೆಚ್ಚಿನ ವಿತರಕರೇ ಅದನ್ನು ಕೊಡುತ್ತಾರೆ. ಸಂಗೀತ ಬರೆದವರಾಗಿ, ಬರೆದವರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ, ಕೃತಿಗಳನ್ನು ನೋಂದಾಯಿಸಿ. ಕವರ್ ಚಿತ್ರ ಚೌಕವಾಗಿ, ಪ್ರತಿ ಬದಿ 3000 ಪಿಕ್ಸೆಲ್ ಅಳತೆಯಲ್ಲಿ ಇರಲಿ. ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಕಳಿಸುವುದಿದ್ದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಕಳಿಸಬೇಕು. ಟ್ರ್ಯಾಕ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟೆ. ವಿತರಕರು ಒಮ್ಮೆ ವಾಪಸ್ ಕಳಿಸಿ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ ಅಂದರು. ಪಟ್ಟು ಹಿಡಿದು ಬರೆದೆ, ಕೊನೆಗೆ ಕನ್ನಡದಲ್ಲೇ ಬಂತು. ನೀವೂ ಪಟ್ಟು ಹಿಡಿಯಿರಿ.

ಬಿಡುವ ಹಾಗಿಲ್ಲ ಎಂದ ಭಾಗ ಇದು: ತಂಡದ ಹಕ್ಕು. ಜಾನಪದ ಯಾರ ಸ್ವತ್ತೂ ಅಲ್ಲ, ಒಂದು ದಿನದ ದುಡ್ಡು ಕೊಟ್ಟರೆ ಮುಗಿಯಿತು ಅನ್ನುವ ಮಾತು ನಮ್ಮ ಸಂಗೀತ ಲೋಕದಲ್ಲಿ ತುಂಬ ಕೇಳುತ್ತೇನೆ. ತಾಳ ಸಮುದಾಯದ್ದು ಇರಬಹುದು. ಆದರೆ ಆ ತೋಪಿನಲ್ಲಿ ಬಾರಿಸಿದ ಆ ಏಳು ನಿಮಿಷ ಆ ಜನರ ಪ್ರದರ್ಶನ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ ಪ್ರದರ್ಶನ ನೀಡಿದವರಿಗೂ ಹಕ್ಕಿದೆ, ವಾಣಿಜ್ಯ ಬಳಕೆಯಾದರೆ ರಾಯಲ್ಟಿ ಸಿಗಬೇಕು. ನಾವು ಕನ್ನಡದಲ್ಲಿ ಒಂದು ಒಪ್ಪಂದ ಬರೆದೆವು. ಎಲ್ಲರ ಮುಂದೆ ಜೋರಾಗಿ ಓದಿದೆವು. ಅವತ್ತಿನ ಸಂಭಾವನೆ ಬೇರೆ, ಆ ಟ್ರ್ಯಾಕ್‌ನಿಂದ ಬರುವ ಹಣದಲ್ಲಿ ಅರ್ಧ ಪಾಲು ಬೇರೆ, ಆಲ್ಬಮ್‌ನಲ್ಲಿ ಪ್ರತಿಯೊಬ್ಬರ ಹೆಸರು. ಸ್ಟ್ರೀಮಿಂಗ್‌ನಿಂದ ದೊಡ್ಡ ದುಡ್ಡು ಬರುವುದಿಲ್ಲ ಎಂದೂ ಮೊದಲೇ ಹೇಳಿದೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕ್ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದಿದ್ದರೆ ರೆಕಾರ್ಡಿಂಗ್‌ಗೆ ಏನೂ ಬರುವುದಿಲ್ಲ. ಹಾಗಾಗಿ ಅವತ್ತಿನ ಸಂಭಾವನೆಯನ್ನೇ ಸರಿಯಾಗಿ ಕೊಡುವುದು ಮುಖ್ಯ. ರಾಯಲ್ಟಿ ಆಸೆ ತೋರಿಸಿ ಅದನ್ನು ಕಡಿಮೆ ಮಾಡಬಾರದು.

ಈಗ ಮುಂದಿನ ಕೆಲಸ ಶುರುವಾಗಿದೆ. ಡಿಜೆಗಳಿಗಾಗಿ ಮೂರು ಟ್ರ್ಯಾಕ್‌ಗಳ ಒಂದೇ ವೇಗದ ಆವೃತ್ತಿ ಮಾಡುತ್ತಿದ್ದೇನೆ, ಆರಂಭದ 32 ಬಾರ್ ಡ್ರಮ್ ಸಮೇತ. ಐದನೆಯದನ್ನು ಮಾತ್ರ ಮಾಡುವುದಿಲ್ಲ, ಅದನ್ನು ಗ್ರಿಡ್‌ಗೆ ಕೂರಿಸಲು ನನಗೆ ಮನಸ್ಸಿಲ್ಲ. ಅದನ್ನು ತಂಡದ ಜೊತೆ ವೇದಿಕೆಯಲ್ಲೇ ಮಾಡುವ ಯೋಜನೆ ಇದೆ. ತಮಟೆಗೆ ಮೈಕ್ ಕಟ್ಟಿ, ಅದರಿಂದಲೇ ಸಾಫ್ಟ್‌ವೇರ್ ವೇಗ ಹಿಡಿಯುವ ಹಾಗೆ ಮಾಡಿ ನೋಡುತ್ತಿದ್ದೇವೆ. ಒಬ್ಬರೇ ಬಾರಿಸಿದಾಗ ಸರಿಯಾಗಿ ಹಿಡಿಯುತ್ತದೆ. ಆರು ಜನ ಒಟ್ಟಿಗೆ ಬಾರಿಸಿದಾಗ ಇನ್ನೂ ತಡವರಿಸುತ್ತದೆ. ಬಹುಶಃ ಹಿರಿಯರ ದೊಡ್ಡ ಕೋಲಿಗೆ ಮಾತ್ರ ಒಂದು ಪಿಕಪ್, ಅಂದರೆ ಕಂಪನ ಹಿಡಿಯುವ ಸಣ್ಣ ಸಾಧನ, ಅಂಟಿಸಿ ಪ್ರಯತ್ನಿಸಬೇಕು. ಈ ಥರದ ಕೆಲಸ ಮಾಡಿದವರು ಯಾರಾದರೂ ಇದ್ದರೆ ತಿಳಿಸಿ. ಹೊಸದಾಗಿ ಆಲ್ಬಮ್ ಶುರು ಮಾಡುವವರು ಪ್ರಾಜೆಕ್ಟ್ ಫೈಲ್ ನೋಡಬೇಕು ಎಂದರೆ ಎರಡನೇ ಟ್ರ್ಯಾಕ್‌ನದ್ದು ಕೊಡುತ್ತೇನೆ.